ಕೋಳಿ ಕರುಳು ಕಾಯುವುದಿಲ್ಲ: ನನ್ನ ಅನುಭವ

ಆ್ಯಂಟಿಬಯಾಟಿಕ್ ಬದಲಿಗೆ ಕೋಳಿಗೆ ಏನು ಕೊಡಬಹುದು ಅನ್ನುವ ನನ್ನ ಪ್ರಯೋಗದ ಮೊದಲ ಸ್ಲೈಡ್ ನೋಡಿದಾಗ ನನಗೆ ಖುಷಿಯೇ ಆಗಿತ್ತು. ಕರುಳಿನ ಒಳಗೋಡೆಯಲ್ಲಿ ವಿಲ್ಲೈಗಳು, ಅಂದರೆ ಮೇವಿನ ಸಾರ ಹೀರುವ ಬೆರಳಿನಂಥ ಸಣ್ಣ ಚಾಚುಗಳು, ನಾಟಿ ಗದ್ದೆಯ ಪೈರಿನ ಹಾಗೆ ಒತ್ತಾಗಿ ನಿಂತಿರಬೇಕು. ಇಲ್ಲಿ ತುದಿಗಳೇ ಇರಲಿಲ್ಲ, ಆಡು ಮೇದು ಹೋದ ಹಾಗಿತ್ತು. ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ಕಾಟವೇ ಇರಬೇಕು, ಅದು ತರುವ ಕರುಳು ಕೊಳೆಯುವ ರೋಗ ನೆಕ್ರೋಟಿಕ್ ಎಂಟರೈಟಿಸ್ ಕೈಗೆ ಸಿಕ್ಕೇಬಿಟ್ಟಿತು ಅಂದುಕೊಂಡೆ. ಗೈಡ್ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡಿ ಒಂದೇ ಪ್ರಶ್ನೆ ಕೇಳಿದರು. "ಕೋಳಿ ಸತ್ತು ಎಷ್ಟು ಹೊತ್ತಿಗೆ ಫಾರ್ಮಲಿನ್‌ಗೆ ಹಾಕಿದೆ?"

ಫಾರ್ಮಲಿನ್ ಅಂದರೆ ತುಂಡು ಕೊಳೆಯದಂತೆ ಹಿಡಿದಿಡುವ ದ್ರಾವಣ. ನಾನು ತಗೊಂಡಿದ್ದು ನಲವತ್ತು ನಿಮಿಷ. ಅದೂ ಮಂಡ್ಯದ ಏಪ್ರಿಲ್ ಬಿಸಿಲಲ್ಲಿ, ತಗಡಿನ ಶೆಡ್ಡಿನ ಕೆಳಗೆ. ಕೆಲಸ ಬೇಗ ಮುಗಿಯಲಿ ಅಂತ ಎಂಟು ಕೋಳಿಗಳನ್ನು ಒಟ್ಟಿಗೇ ಸಾಲಾಗಿ ಮಲಗಿಸಿಕೊಂಡು ಕೊಯ್ಯುತ್ತಾ ಬಂದಿದ್ದೆ. ಕೊನೆಯ ಕೋಳಿಯ ಸರದಿ ಬರುವಷ್ಟರಲ್ಲಿ ಅದರ ಕರುಳು ತನ್ನನ್ನು ತಾನೇ ಜೀರ್ಣ ಮಾಡಿಕೊಳ್ಳಲು ಶುರು ಮಾಡಿತ್ತು. ಮೇವು ಕರಗಿಸುವ ಕಿಣ್ವಗಳಿಗೆ ಕೋಳಿ ಸತ್ತಿರುವುದು ಗೊತ್ತಾಗಲ್ಲ, ಅಲ್ವಾ? ಮೊದಲು ಉದುರುವುದೇ ವಿಲ್ಲೈ ತುದಿ. ನಾನು ಕಂಡಿದ್ದು ರೋಗವಲ್ಲ, ನನ್ನದೇ ನಿಧಾನ.

ಪಾಂಡವಪುರ ಕಡೆ ಪರಿಚಯದವರೊಬ್ಬರ ಬ್ರಾಯ್ಲರ್ ಶೆಡ್ಡಿನ ಒಂದು ಮೂಲೆಯನ್ನು ಕೇಳಿ ಪಡೆದಿದ್ದೆ. ಪ್ರಾಣಿ ಪ್ರಯೋಗದ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬಂದ ಮೇಲೆ 192 ಮರಿ ತಂದೆ. ನಾಲ್ಕು ಗುಂಪು, ಗುಂಪಿಗೆ ಆರು ಗೂಡು, ಗೂಡಿಗೆ ಎಂಟು ಮರಿ. ಒಂದು ಗುಂಪಿಗೆ ಏನೂ ಇಲ್ಲ, ಅದು ಕಂಟ್ರೋಲ್. ಒಂದಕ್ಕೆ ಮೇವಿನಲ್ಲಿ ಬ್ಯಾಸಿಲಸ್ ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದು ಮಾಡಲಿ ಅಂತ ಕೊಡುವ ಬ್ಯಾಕ್ಟೀರಿಯಾ), ಒಂದಕ್ಕೆ ನೀರಿನಲ್ಲಿ ಆರ್ಗ್ಯಾನಿಕ್ ಆಸಿಡ್, ಇನ್ನೊಂದಕ್ಕೆ ಎರಡೂ. ಯುರೋಪಿನಲ್ಲಿ ತೂಕ ಹೆಚ್ಚಿಸಲು ಮೇವಿಗೆ ಆ್ಯಂಟಿಬಯಾಟಿಕ್ ಹಾಕುವುದನ್ನು 2006ರಲ್ಲೇ ನಿಲ್ಲಿಸಿದರು. ನಮ್ಮಲ್ಲೂ 2019ರಲ್ಲಿ ಕೋಳಿಗೆ ಕೊಲಿಸ್ಟಿನ್ ಅನ್ನುವ ಆ್ಯಂಟಿಬಯಾಟಿಕ್ ಕೊಡುವುದನ್ನು ನಿಷೇಧಿಸಿದರು. ಹಾಗಾಗಿ ಬದಲಿಗೆ ಏನು ಹಾಕುವುದು ಅನ್ನುವುದೇ ಈಗ ಎಲ್ಲರ ತಲೆನೋವು.

ಮೇವು ಕಲಸುವುದು ಸುಮ್ನೆ ಮಾತಲ್ಲ. ಟನ್ನಿಗೆ 500 ಗ್ರಾಂ ಪ್ರೋಬಯಾಟಿಕ್ ಪುಡಿ ಅಂದರೆ 50 ಕೆಜಿ ಚೀಲಕ್ಕೆ ಬರೀ 25 ಗ್ರಾಂ. ಅಷ್ಟು ಪುಡಿಯನ್ನು ನೇರವಾಗಿ ಚೀಲಕ್ಕೆ ಸುರಿದರೆ ಒಂದು ಕೋಳಿಗೆ ಎಲ್ಲಾ ಸಿಗುತ್ತೆ, ಇನ್ನೊಂದಕ್ಕೆ ಏನೂ ಇಲ್ಲ. ಅದಕ್ಕೆ ಮೊದಲು ಒಂದು ಕೆಜಿ ಜೋಳದ ಹಿಟ್ಟಿಗೆ ಬೆರೆಸಿ, ಅದನ್ನು ಐದು ಕೆಜಿಗೆ, ಆಮೇಲೆ ಇಡೀ ಚೀಲಕ್ಕೆ ಕಲಸುತ್ತಿದ್ದೆ. ಕಂಟ್ರೋಲ್ ಮೇವನ್ನೇ ಮೊದಲು ಕಲಸಬೇಕು, ಇಲ್ಲದಿದ್ದರೆ ಹಿಂದಿನ ಪುಡಿಯ ಶೇಷ ಅದಕ್ಕೆ ಸೇರುತ್ತೆ. ಇದನ್ನು ಮಾತ್ರ ಮೊದಲ ದಿನದಿಂದ ಸರಿಯಾಗಿ ಮಾಡಿದ್ದೆ.

ಆದರೆ ಚಪ್ಪಲಿ ನೆನಪಾಗಲಿಲ್ಲ!

ಬ್ಯಾಸಿಲಸ್ ಬೀಜಕ, ಅಂದರೆ ಆ ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆ ತಾಳುವ ರೂಪ, ಗಟ್ಟಿ ಪಿಂಡ. ಪೆಲೆಟ್ ಮಾಡುವಾಗಿನ ಬಿಸಿಯನ್ನೂ ತಾಳುತ್ತೆ ಅಂತಲೇ ಅದನ್ನು ಆರಿಸಿದ್ದು. ಮೂರನೇ ವಾರ ಹಿಕ್ಕೆಯನ್ನು ಕದಡಿ, 80 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಸಿ ಮಾಡಿ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿಗೆ ಹಾಕಿದೆ. ಆ ಬಿಸಿಗೆ ಬೀಜಕ ಮಾತ್ರ ಉಳಿಯುತ್ತೆ. ಕಂಟ್ರೋಲ್ ಗೂಡುಗಳ ಪ್ಲೇಟಲ್ಲೂ ಹೆಚ್ಚುಕಡಿಮೆ ಪ್ರೋಬಯಾಟಿಕ್ ಗೂಡಿನಷ್ಟೇ ಕಾಲೊನಿಗಳು. ಪ್ರೋಬಯಾಟಿಕ್ ಗೂಡಿನಲ್ಲಿ ಹಾಸಿದ್ದ ಭತ್ತದ ಹೊಟ್ಟು ಮೆಟ್ಟಿದ ಅದೇ ಚಪ್ಪಲಿಯಲ್ಲಿ, ಡ್ರಿಂಕರ್ ಉಜ್ಜಿದ ಅದೇ ಬ್ರಷ್ ಹಿಡಿದು, ದಿನಾ ಬೆಳಿಗ್ಗೆ ಎಲ್ಲಾ ಗೂಡಿಗೂ ಪ್ರಸಾದ ಹಂಚಿದ್ದೆ. ಕಂಟ್ರೋಲ್ ಅಂತ ಹೆಸರಿದ್ದರೂ ಅದು ಕಂಟ್ರೋಲ್ ಆಗಿರಲಿಲ್ಲ. ಆ ಬ್ಯಾಚಿನ ಲೆಕ್ಕ ಅಲ್ಲಿಗೇ ಬಿಟ್ಟೆ.

ನೀರಿನದು ಇನ್ನೊಂದು ಕಥೆ. ಅಲ್ಲಿನ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಪದರ ಕಟ್ಟುತ್ತಿತ್ತು. ಡಬ್ಬಿ ಮೇಲೆ ಬರೆದಷ್ಟೇ ಆಸಿಡ್ ಹಾಕಿ ಪಿಎಚ್ ನೋಡಿದರೆ ಅಲ್ಲಾಡಿಯೇ ಇಲ್ಲ. ನೀರಿನ ಬೈಕಾರ್ಬೋನೇಟೇ ಆಸಿಡ್ಡನ್ನು ನುಂಗಿಬಿಡುತ್ತಿತ್ತು. ಡಬ್ಬಿ ನೋಡಿ ಅಲ್ಲ, ನೀರು ನೋಡಿ ಹಾಕಬೇಕು. ಆಮೇಲಿಂದ ಬಕೆಟ್ಟಿನಲ್ಲಿ ಸ್ವಲ್ಪಸ್ವಲ್ಪ ಬೆರೆಸಿ, ಅಳೆದು, ಆ ಲೆಕ್ಕವನ್ನೇ ಟ್ಯಾಂಕಿಗೆ ಹಾಕಿದೆ.

ಎರಡನೇ ಬ್ಯಾಚಿಗೆ ನಾಲ್ಕು ಬಣ್ಣದ ಚಪ್ಪಲಿ, ನಾಲ್ಕು ಬ್ರಷ್. ಶೆಡ್ ಮಾಲೀಕರು ನೋಡಿ ನಕ್ಕರು, "ಏನ್ ಸ್ವಾಮಿ, ಜಾತ್ರೆ ಅಂಗಡಿ ಇಟ್ಟಿದ್ದೀರಾ?" ಅಂತ. ಮೇವಿನ ಚೀಲಕ್ಕೂ ಬಣ್ಣದ ದಾರವೇ, ಹೆಸರಿಲ್ಲ. ಯಾವ ಬಣ್ಣ ಯಾವ ಗುಂಪು ಅನ್ನುವುದು ಗೈಡ್ ಹತ್ತಿರ ಮುಚ್ಚಿದ ಲಕೋಟೆಯಲ್ಲಿತ್ತು. ಕಾಕ್ಸಿ, ಅಂದರೆ ಕಾಕ್ಸಿಡಿಯೋಸಿಸ್ ಅನ್ನುವ ಪರಾವಲಂಬಿ ರೋಗ, ಕರುಳಿನಲ್ಲಿ ಮಾಡುವ ಗಾಯಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಪದ್ಧತಿ ಇದೆ. ಜಾನ್ಸನ್, ರೀಡ್ ಅನ್ನುವ ಇಬ್ಬರು 1970ರಲ್ಲಿ ಬರೆದಿಟ್ಟದ್ದು. ಕೇಳಲು ಸುಲಭ. ಆದರೆ ಒಂದಕ್ಕೂ ಎರಡಕ್ಕೂ ನಡುವೆ ಕೈ ತಡವರಿಸುತ್ತೆ. ಆಗ ಇದು ಪ್ರೋಬಯಾಟಿಕ್ ಕೋಳಿ ಅಂತ ಗೊತ್ತಿದ್ದರೆ ಪೆನ್ನು ತಾನಾಗಿ ಒಂದು ಅಂತ ಬರೆಯುತ್ತೆ. ನಾನೇನು ದೊಡ್ಡ ಹರಿಶ್ಚಂದ್ರ ಅಲ್ಲ.

ಈ ಸಲ ಒಂದು ಕೋಳಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಲಿಲ್ಲ. ಹೊಟ್ಟೆ ಬಿಚ್ಚಿ, ಸಣ್ಣ ಕರುಳನ್ನು ಬೆರಳಲ್ಲಿ ಹಿಡಿದು ಜಾರಿಸುತ್ತಾ ಹೋದರೆ ಒಂದು ಕಡೆ ಅಕ್ಕಿಕಾಳಿನಷ್ಟು ಗಂಟು ತಗಲುತ್ತೆ. ಅದು ಮೆಕೆಲ್ಸ್ ಡೈವರ್ಟಿಕುಲಂ, ಮರಿ ಮೊಟ್ಟೆಯಲ್ಲಿದ್ದಾಗ ಹಳದಿ ಚೀಲ ಅಂಟಿಕೊಂಡಿದ್ದ ಗುರುತು. ಅದರ ಮೇಲಿನದು ಜೆಜುನಂ (ಸಣ್ಣ ಕರುಳಿನ ನಡುಭಾಗ), ಕೆಳಗಿನದು ಇಲಿಯಂ (ಕೊನೆಯ ಭಾಗ). ಮೊದಲ ಬ್ಯಾಚಿನಲ್ಲಿ ಅಂದಾಜಿನ ಮೇಲೆ ಕತ್ತರಿಸುತ್ತಿದ್ದೆ. ಈಗ ಆ ಗಂಟಿನಿಂದ ಸ್ಕೇಲ್ ಇಟ್ಟು ಅಳೆದು, ಎಲ್ಲಾ ಕೋಳಿಯಲ್ಲೂ ಅದೇ ಜಾಗದ ಎರಡು ಸೆಂಟಿಮೀಟರ್ ತುಂಡು. ಸಲೈನ್‌ನಲ್ಲಿ ಮೆಲ್ಲಗೆ ತೊಳೆದು, ಹಿಂಡದೆ, ತುಂಡಿನ ಹತ್ತು ಪಟ್ಟು ಫಾರ್ಮಲಿನ್‌ಗೆ ಹಾಕಿದೆ. ಪಕ್ಕದಲ್ಲಿ ಮೊಬೈಲ್ ಟೈಮರ್ ಓಡುತ್ತಿತ್ತು.

ಸ್ಲೈಡುಗಳು ಮೈಸೂರಿನ ಲ್ಯಾಬಿನಿಂದ ಬಂದಾಗ ಪೈರು ತುದಿವರೆಗೂ ನಿಂತಿತ್ತು. ಸ್ಲೈಡಿಗೆ ಹತ್ತು ವಿಲ್ಲೈ ಅಳೆದು ಮುಗಿಸಿ, ಆಮೇಲೆ ಲಕೋಟೆ ಒಡೆದೆವು. ಎರಡೂ ಕೊಟ್ಟ ಗುಂಪಿನ ವಿಲ್ಲೈ ಕಂಟ್ರೋಲಿಗಿಂತ ಉದ್ದವಿತ್ತು, ಆ ವ್ಯತ್ಯಾಸ ಸಂಖ್ಯಾಶಾಸ್ತ್ರದ ಲೆಕ್ಕಕ್ಕೂ ನಿಂತಿತು. ತೂಕದಲ್ಲಿ, ಎಫ್‌ಸಿಆರ್‌ನಲ್ಲಿ (ಒಂದು ಕೆಜಿ ತೂಕ ಹೆಚ್ಚಲು ಎಷ್ಟು ಮೇವು ಬೇಕು ಅನ್ನುವ ಲೆಕ್ಕ) ಮಾತ್ರ ಏನೂ ಸಿಗಲಿಲ್ಲ. ಒಣ ಹೊಟ್ಟು, ಗೂಡಿಗೆ ಎಂಟೇ ಕೋಳಿ, ದಿನಾ ತೊಳೆದ ಡ್ರಿಂಕರ್. ಅಂಥ ಕಡೆ ಕರುಳಿಗೆ ಕಷ್ಟವೇ ಇರಲಿಲ್ಲ, ಪುಡಿ ತಾನೇ ಏನು ಮಾಡುತ್ತೆ? ಸಾವಿರಾರು ಕೋಳಿಯ ಒದ್ದೆ ಶೆಡ್ಡಿನಲ್ಲಿ ಬೇರೆ ಉತ್ತರ ಬರಬಹುದು.

ಶೆಡ್ ಮಾಲೀಕರಿಗೆ ಸ್ಲೈಡಿನ ಫೋಟೋ ತೋರಿಸಿ ಇಷ್ಟನ್ನೂ ವಿವರಿಸಿದೆ. ಗಮನವಿಟ್ಟು ಕೇಳಿದರು. "ಎಲ್ಲಾ ಸರಿ," ಅಂದರು, "ಈ ವಿಲ್ಲೈನ ತೂಕ ಹಾಕಿ ತಗೊಳ್ತಾರಾ?"