ಮರಳು ನೊಣ ಕಡೀದಂಗ ರಾತ್ರಿ ಮಲಗೋದು ಹೆಂಗ

ಬ್ಯಾಸಿಗ್ಯಾಗ ನಮ್ಮ ಗಂಗಾವತಿ ಕಡೆ ಅಂಗಳದಾಗ, ದನದ ಕೊಟ್ಟಿಗಿ ಪಕ್ಕದಾಗೇ ಮಲಗ್ತೀವಿ, ಸೊಳ್ಳಿ ಗುಂಯ್ ಅಂದ್ರ ಗೊತ್ತಾಗ್ತದ, ಆದ್ರ ಮರಳು ನೊಣ ಸಪ್ಪಳನ ಮಾಡಂಗಿಲ್ಲ. ಮೊದ್ಲು ಗುರ್ತು ಹಿಡೀರಿ: ಎಳ್ಳಿನ ಕಾಳಿನಷ್ಟು, 2-3 ಮಿ.ಮೀ, ಮೈತುಂಬ ಸಣ್ಣ ಕೂದ್ಲು, ಕುಂತಾಗ ರೆಕ್ಕಿ ಎರಡೂ ಮ್ಯಾಲೆತ್ತಿರ್ತದ. ಹಗಲೊತ್ತು ಟಾರ್ಚ್ ಹಿಡ್ದು ಮಣ್ಣಿನ ಗ್ವಾಡಿ ಬಿರುಕಿನ್ಯಾಗ ನೋಡ್ರಿ, ಅಲ್ಲೇ ಅಡಗಿರ್ತಾವ.

ಗಂಡು ಹೆಣ್ಣು ಎರಡೂ ಗಿಡದ ಸಿಹಿ ರಸ ಕುಡೀತಾವ, ರಕ್ತ ಹೀರೋದು ಹೆಣ್ಣು ಮಾತ್ರ, ಅದೂ ತತ್ತಿ ಬೆಳೀಲಿಕ್ಕೆ. ಸೊಳ್ಳಿಯಂಗ ನೀರಾಗ ಅಲ್ಲ, ಸಗಣಿ, ಕೊಳೆತ ಹುಲ್ಲು ಇರೋ ತಂಪು ಮಣ್ಣಾಗ ತತ್ತಿ ಇಡ್ತದ, ಹಂಗಾಗಿ ನಿಂತ ನೀರು ಚೆಲ್ಲಿದ್ರಷ್ಟ ಸಾಲಂಗಿಲ್ಲ, ಸಗಣಿ ದಿನಾ ದೂರ ಹಾಕ್ರಿ, ಬಿರುಕು ಮೆತ್ತಿ ಮುಚ್ರಿ. ಸಾದಾ ಸೊಳ್ಳೆಪರದೆ ತೂತಿನಾಗ ನುಸುಳ್ತದ, ಔಷಧ ಹಚ್ಚಿದ್ದ ತಗೋರಿ. ಹಾರೋ ಶಕ್ತಿ ಕಡಿಮಿ, ಫ್ಯಾನ್ ಜೋರಾಗಿಟ್ರ ಹತ್ರ ಬರೋದು ಕಷ್ಟ.

ಈ ನೊಣ ಹರಡೋ ಕಾಲಾ ಅಜಾರ್ ಅನ್ನೋ ಜ್ವರದ ರೋಗ ಬಿಹಾರ, ಜಾರ್ಖಂಡ್ ಕಡೆ ಹೆಚ್ಚು, ಅಲ್ಲಿಂದ ನಮ್ಮ ರೈಸ್ ಮಿಲ್ಲಿಗೆ ದುಡಿಯಾಕ ಬಂದ ಅಣ್ಣಂದ್ರಿಗೆ 2 ವಾರ ಮೀರಿ ಜ್ವರ, ಮೈ ಸೊರಗೋದು, ಎಡ ಪಕ್ಕಿ ಕೆಳಗ ಹೊಟ್ಟಿ ಉಬ್ಬೋದು ಕಂಡ್ರ ಮಲೇರಿಯಾ ಇರಬೇಕು ಅಂತ ಸುಮ್ನಾಗಬ್ಯಾಡ್ರಿ, ಸರ್ಕಾರಿ ದವಾಖಾನಿಗೆ ಕರ್ಕೊಂಡು ಹೋಗಿ ಅವ್ರ ಊರು ಯಾವ್ದು ಅಂತ ಡಾಕ್ಟ್ರಿಗೆ ಮರೀದಂಗ ಹೇಳ್ರಿ.