ಬೆಂಗಳೂರಿನಿಂದ ಲಂಡನ್ನಿಗೆ: ಹಗಲಿನ ವಿಮಾನ ಮತ್ತು ಥೇಮ್ಸ್ ದಂಡೆಯಲ್ಲಿ ಮೊದಲ ದಿನ

ಅರವತ್ತು ದಾಟಿದ ದಂಪತಿ ಮೊದಲ ಬಾರಿಗೆ ವಿದೇಶಕ್ಕೆ ಹೊರಟರೆಂದರೆ ಬಂಧುಗಳು ಕೊಡುವ ಸಲಹೆಗಳೆಲ್ಲ ನೋಡಲೇಬೇಕಾದ ಸ್ಥಳಗಳ ಬಗ್ಗೆಯೇ ಇರುತ್ತವೆ. ನಾನು ಮತ್ತು ನನ್ನ ಪತಿ ಮೈಸೂರಿನಿಂದ ಲಂಡನ್ನಿಗೆ ಹೊರಡುವ ಮುನ್ನ ಸ್ಥಳಗಳ ಪಟ್ಟಿಗಿಂತ ಮೊದಲು ಎರಡೂ ಊರುಗಳ ಸಮಯವನ್ನು ಲೆಕ್ಕ ಹಾಕಿದೆವು. ಬೇಸಿಗೆಯಲ್ಲಿ ಲಂಡನ್ ಸಮಯ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಚಳಿಗಾಲದಲ್ಲಿ ಐದೂವರೆ ಗಂಟೆ. ಮೊದಲ ದಿನ ದೇಹ ಇನ್ನೂ ನಮ್ಮೂರಿನ ಸಮಯದಲ್ಲೇ ಏಳುತ್ತದೆ, ಹಸಿಯುತ್ತದೆ, ತೂಕಡಿಸುತ್ತದೆ. ಆದ್ದರಿಂದ ಆ ದಿನದ ಸುತ್ತಾಟವನ್ನು ದೇಹದ ಸಮಯಕ್ಕೆ ಒಗ್ಗುವಂತೆ ಹೊಂದಿಸಿಕೊಳ್ಳಬೇಕೆಂಬ ಒಂದೇ ನಿಯಮವನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದರ ಸುತ್ತ ಜೋಡಿಸಿದೆವು.

ವಿಮಾನದ ಆಯ್ಕೆಯೂ ಈ ನಿಯಮದಿಂದಲೇ ಆಯಿತು. ಬೆಂಗಳೂರಿನಿಂದ ಲಂಡನ್ನಿನ ಹೀಥ್ರೋ ನಿಲ್ದಾಣಕ್ಕೆ ನೇರ ವಿಮಾನಗಳಿವೆ. ಕೊಲ್ಲಿಯ ನಗರಗಳಲ್ಲಿ ಇಳಿದು ಬೇರೆ ವಿಮಾನ ಹತ್ತುವ ಪ್ರಯಾಣ ಅಗ್ಗವಾಗಬಹುದಾದರೂ, ನಡುರಾತ್ರಿಯಲ್ಲಿ ಕಾಯುವುದು ನಮ್ಮ ವಯಸ್ಸಿಗೆ ಸರಿಹೋಗದು ಎನಿಸಿ ಬೆಳಿಗ್ಗೆ ಹೊರಟು ಅದೇ ದಿನ ಮಧ್ಯಾಹ್ನ ಲಂಡನ್ ತಲುಪುವ ನೇರ ವಿಮಾನವನ್ನು ಆರಿಸಿದೆವು. ಸುಮಾರು 8,000 ಕಿ.ಮೀ. ದೂರದ, ಹತ್ತರಿಂದ ಹನ್ನೊಂದು ಗಂಟೆಗಳ ಆ ಪ್ರಯಾಣದುದ್ದಕ್ಕೂ ವಿಮಾನ ಪಶ್ಚಿಮಕ್ಕೆ ಸಾಗುವುದರಿಂದ ಕಿಟಕಿಯ ಹೊರಗೆ ಬೆಳಕು ಆರುವುದೇ ಇಲ್ಲ. ನಿದ್ದೆಗೆಟ್ಟು ಇಳಿಯುವ ಬದಲು ಒಂದು ದೀರ್ಘ ಹಗಲನ್ನು ಕಳೆದು ಇಳಿಯುತ್ತೇವೆ. ರಾತ್ರಿಯ ನಿದ್ದೆ ಲಂಡನ್ನಿಗೆ ಮೀಸಲಾಗಿ ಉಳಿಯುತ್ತದೆ.

ಮೈಸೂರಿನಿಂದ ನೇರವಾಗಿ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗುವ ಕೆಎಸ್ಆರ್‌ಟಿಸಿಯ ಫ್ಲೈಬಸ್ ಇರುವುದರಿಂದ ಹಿಂದಿನ ಸಂಜೆಯೇ ಹೊರಟೆವು. ಲಗೇಜಿನ ವಿಷಯದಲ್ಲಿ ಹೇಳಬೇಕಾದ ಎರಡು ಮಾತುಗಳಿವೆ. ಬ್ರಿಟನ್ನಿಗೆ ಭಾರತದಿಂದ ಮಾಂಸವನ್ನಾಗಲಿ ಹಾಲಿನ ಪದಾರ್ಥಗಳನ್ನಾಗಲಿ ಒಯ್ಯುವಂತಿಲ್ಲ. ಹಸಿ ಕರಿಬೇವಿನ ಸೊಪ್ಪಿಗೂ ಅವಕಾಶವಿಲ್ಲ. ಹಾಗಾಗಿ ಪೇಡ, ತುಪ್ಪಗಳನ್ನು ಬಿಟ್ಟು ಚಟ್ನಿಪುಡಿ, ಕೋಡುಬಳೆ ಮತ್ತು ಬಿಸಿನೀರು ಹಾಕಿದರೆ ಸಿದ್ಧವಾಗುವ ಗೊಜ್ಜವಲಕ್ಕಿಯ ಪುಡಿಯನ್ನು ಮಾತ್ರ ಕಟ್ಟಿಕೊಂಡೆವು. ಎರಡನೆಯದು ಔಷಧಿ. ನನ್ನ ಪತಿಗೆ ಸಕ್ಕರೆ ಕಾಯಿಲೆ ಇದೆ. ದಿನವೇ ನಾಲ್ಕೂವರೆ ಗಂಟೆ ಹಿಗ್ಗುವಾಗ ಯಾವ ಮಾತ್ರೆಯನ್ನು ಯಾವ ಊಟದ ಜೊತೆ ತೆಗೆದುಕೊಳ್ಳಬೇಕೆಂಬುದನ್ನು ನಮ್ಮ ವೈದ್ಯರಿಂದ ಮೊದಲೇ ಬರೆಸಿಕೊಂಡು, ಆ ಚೀಟಿಯನ್ನೂ ಎಲ್ಲ ಮಾತ್ರೆಗಳನ್ನೂ ಕೈಚೀಲದಲ್ಲೇ ಇಟ್ಟುಕೊಂಡೆವು. ಚೆಕ್-ಇನ್ ಮಾಡಿದ ಪೆಟ್ಟಿಗೆ ತಡವಾಗಿ ಬಂದರೂ ಸಹಿಸಬಹುದು, ಮಾತ್ರೆ ತಡವಾಗಬಾರದು.

ಸಸ್ಯಾಹಾರಿಗಳು ವಿಮಾನದ ಊಟವನ್ನು ಹೊರಡುವುದಕ್ಕೆ ಕೆಲವು ದಿನ ಮೊದಲೇ ತಿಳಿಸುವುದು ಒಳ್ಳೆಯದು. ಆಯ್ಕೆಯ ಪಟ್ಟಿಯಲ್ಲಿ ‘ಹಿಂದೂ ಮೀಲ್’ ಎಂದು ಕಂಡರೆ ಅದನ್ನು ಸಸ್ಯಾಹಾರವೆಂದು ಭಾವಿಸಬಾರದು. ಅದರಲ್ಲಿ ದನದ ಮತ್ತು ಹಂದಿಯ ಮಾಂಸ ಇರುವುದಿಲ್ಲ, ಆದರೆ ಕೋಳಿ, ಕುರಿ, ಮೀನು ಇರಬಹುದು. ನಮಗೆ ಬೇಕಾದದ್ದು ‘ಏಷ್ಯನ್ ವೆಜಿಟೇರಿಯನ್ ಮೀಲ್’. ಇದನ್ನು ಮೊದಲೇ ಕೇಳಿಟ್ಟವರಿಗೆ ಊಟ ಉಳಿದವರಿಗಿಂತ ಮುಂಚೆ ಬರುವುದೂ ಉಂಟು, ಸಕ್ಕರೆ ಕಾಯಿಲೆ ಇರುವವರಿಗೆ ಅದು ನಿಜವಾದ ಅನುಕೂಲ.

ವಿಮಾನದೊಳಗಿನ ಗಾಳಿಯ ಒತ್ತಡವನ್ನು ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಟ್ಟಿರುತ್ತಾರೆ, ಗಾಳಿಯಲ್ಲಿ ತೇವವೂ ಬಹಳ ಕಡಿಮೆ. ತುಟಿ ಒಣಗುವುದು, ತಲೆ ಭಾರವಾಗುವುದು, ಪಾದ ಊದಿಕೊಳ್ಳುವುದು ಇವೆಲ್ಲ ಈ ಗಾಳಿಯಿಂದ ಮತ್ತು ಕುಳಿತಲ್ಲೇ ಕುಳಿತಿರುವುದರಿಂದ ಬರುತ್ತವೆ. ಹೆಚ್ಚು ಹೊತ್ತು ಕಾಲು ಆಡಿಸದೆ ಕುಳಿತರೆ ಕಾಲಿನ ಒಳ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇರುವುದರಿಂದ ಬಿಗಿ ಕಾಲುಚೀಲ ಧರಿಸಿದ್ದೆವು, ಕಾಫಿ ಕಡಿಮೆ ಮಾಡಿ ನೀರನ್ನು ಮತ್ತೆ ಮತ್ತೆ ಕೇಳಿ ಕುಡಿದೆವು, ಆಗಾಗ ಎದ್ದು ಹಿಂಬದಿಯ ಅಡುಗೆ ಕಟ್ಟೆಯವರೆಗೆ ನಡೆದು ಬಂದೆವು. ಪಕ್ಕದವರಿಗೆ ತೊಂದರೆಯಾದೀತೆಂಬ ಸಂಕೋಚ ಇಲ್ಲಿ ಬೇಡ.

ಸೀಟನ್ನು ಬಲಬದಿಯ ಕಿಟಕಿಯ ಸಾಲಿನಲ್ಲೇ ಕೇಳಿ ಪಡೆದಿದ್ದೆವು. ಪಶ್ಚಿಮದಿಂದ ಗಾಳಿ ಬೀಸುವ ದಿನಗಳಲ್ಲಿ ವಿಮಾನಗಳು ಲಂಡನ್ ನಗರದ ಮೇಲೆಯೇ ಹಾದು ಪೂರ್ವದಿಂದ ಹೀಥ್ರೋಗೆ ಇಳಿಯುತ್ತವೆ, ಆಗ ನಗರದ ನಡುಭಾಗ ಬಲಗಡೆಗೆ ಕಾಣುತ್ತದೆ. ನಮಗೆ ಆ ಭಾಗ್ಯ ಸಿಕ್ಕಿತು. ಅಂಕುಡೊಂಕಾಗಿ ಹರಿಯುವ ಥೇಮ್ಸ್, ಅದರ ಮೇಲೆ ಎರಡು ಗೋಪುರಗಳ ಟವರ್ ಬ್ರಿಜ್, ಮುಂದೆ ಲಂಡನ್ ಐನ ಚಕ್ರ, ಆಮೇಲೆ ಹೈಡ್ ಪಾರ್ಕಿನ ಹಸಿರು ಒಂದರ ಹಿಂದೆ ಒಂದಾಗಿ ಬಂದುಹೋದವು. ಮರುದಿನ ನಡೆಯಲಿದ್ದ ದಾರಿಯನ್ನು ನನ್ನ ಪತಿ ಕಿಟಕಿಯಿಂದಲೇ ಬೆರಳಿಟ್ಟು ತೋರಿಸಿದರು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಹೀಥ್ರೋದ ಪಾಸ್‌ಪೋರ್ಟ್ ತಪಾಸಣೆಯ ಯಾಂತ್ರಿಕ ಗೇಟುಗಳಲ್ಲಿ ಪ್ರವೇಶವಿಲ್ಲ, ಅಧಿಕಾರಿಯ ಮುಂದೆಯೇ ನಿಲ್ಲಬೇಕು. ಗಂಡ ಹೆಂಡತಿ ಒಟ್ಟಿಗೇ ಹೋಗಬಹುದು. ಏಕೆ ಬಂದಿರಿ, ಎಷ್ಟು ದಿನ ಇರುತ್ತೀರಿ, ಎಲ್ಲಿ ತಂಗುತ್ತೀರಿ ಎಂಬ ಪ್ರಶ್ನೆಗಳಿಗೆ ಹೋಟೆಲಿನ ಮತ್ತು ಹಿಂದಿರುಗುವ ಟಿಕೆಟಿನ ಮುದ್ರಿತ ಪ್ರತಿಗಳನ್ನು ಕೈಯಲ್ಲಿ ಹಿಡಿದು ಉತ್ತರಿಸಿದೆವು.

ಹೋಟೆಲನ್ನು ಪ್ಯಾಡಿಂಗ್ಟನ್ ಬಳಿ ಹಿಡಿದದ್ದು ನಮ್ಮ ಯೋಜನೆಯಲ್ಲಿ ಬಹಳ ಉಪಕಾರಕ್ಕೆ ಬಂದ ನಿರ್ಧಾರ. ಹೀಥ್ರೋದಿಂದ ಅಲ್ಲಿಗೆ ಎಲಿಜಬೆತ್ ಲೈನ್ ರೈಲು ನೇರವಾಗಿ, ಸುಮಾರು ಅರ್ಧ ಗಂಟೆಯಲ್ಲಿ ಹೋಗುತ್ತದೆ. ಹಳೆಯ ಪಿಕಡಿಲ್ಲಿ ಲೈನಿಗಿಂತ ಇದಕ್ಕೆ ದರ ಹೆಚ್ಚು. ಆದರೆ 2022ರಲ್ಲಿ ಆರಂಭವಾದ ಈ ಮಾರ್ಗದ ನಿಲ್ದಾಣಗಳಲ್ಲಿ ರಸ್ತೆಯಿಂದ ಪ್ಲಾಟ್‌ಫಾರ್ಮಿನವರೆಗೆ ಮೆಟ್ಟಿಲು ಹತ್ತದೆ ಹೋಗುವ ವ್ಯವಸ್ಥೆ ಇರುವುದರಿಂದ ಪೆಟ್ಟಿಗೆಗಳನ್ನು ಎತ್ತುವ ಕಷ್ಟವಿಲ್ಲ. ಟಿಕೆಟ್ ಕೊಳ್ಳದೆ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನು ಗೇಟಿಗೆ ತಾಗಿಸಿಯೇ ಹೋಗಬಹುದು. ಇಲ್ಲಿ ದಂಪತಿಗಳು ಗಮನಿಸಬೇಕಾದದ್ದೆಂದರೆ ಒಬ್ಬರಿಗೆ ಒಂದು ಕಾರ್ಡ್ ಬೇಕೇ ಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ಒಳಹೋಗಲು ಆಗದು. ಬೆಳಿಗ್ಗೆ ಯಾವ ಕಾರ್ಡ್ ತಾಗಿಸಿದ್ದೀರೋ ಅದನ್ನೇ ರಾತ್ರಿಯವರೆಗೂ ಬಳಸಿದರೆ, ದಿನದ ಗರಿಷ್ಠ ಮಿತಿ ಮುಟ್ಟಿದ ಮೇಲೆ ಎಷ್ಟು ಓಡಾಡಿದರೂ ಹೆಚ್ಚು ಹಣ ಕಡಿತವಾಗುವುದಿಲ್ಲ. ಕಾರ್ಡನ್ನೂ ಅದೇ ಕಾರ್ಡಿರುವ ಮೊಬೈಲನ್ನೂ ಗೇಟು ಬೇರೆ ಬೇರೆಯಾಗಿ ಲೆಕ್ಕ ಹಾಕುವುದರಿಂದ ಎರಡನ್ನು ಬೆರೆಸಬಾರದು.

ಇಳಿದ ಸಂಜೆ ಕೊಠಡಿಯಲ್ಲಿ ಮಲಗಲಿಲ್ಲ. ಸಂಜೆಯ ಬೆಳಕು ದೇಹದ ನಿದ್ದೆಯ ಹೊತ್ತನ್ನು ಮುಂದೂಡುತ್ತದೆ, ಪಶ್ಚಿಮಕ್ಕೆ ಬಂದವರಿಗೆ ಬೇಕಾದದ್ದು ಅದೇ. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ಹತ್ತಿರದ ಕೆನ್ಸಿಂಗ್ಟನ್ ಗಾರ್ಡನ್ಸ್‌ನಲ್ಲಿ ನಿಧಾನವಾಗಿ ನಡೆದು, ಅಂಗಡಿಯಿಂದ ಮೊಸರು, ಬಾಳೆಹಣ್ಣು ತಂದು, ಗೊಜ್ಜವಲಕ್ಕಿ ತಿಂದು ಒಂಬತ್ತು ಗಂಟೆಗೆ ಮಲಗಿದೆವು.

ನಿರೀಕ್ಷಿಸಿದಂತೆಯೇ ನಾಲ್ಕು ಗಂಟೆಗೆ ಎಚ್ಚರವಾಯಿತು. ಮೈಸೂರಿನಲ್ಲಿ ಆಗ ಎಂಟೂವರೆ. ಇದನ್ನು ನಿದ್ರಾಭಂಗವೆಂದು ಭಾವಿಸದೆ, ಸ್ನಾನ ಮುಗಿಸಿ, ಕೆಟಲಿನಲ್ಲಿ ಬಿಸಿನೀರು ಕಾಯಿಸಿ ತಿಂಡಿ ತಿಂದು ಆರಕ್ಕೆ ಮೊದಲು ಹೊರಟೆವು. ಜಗತ್ತಿನ ಮೊದಲ ಸುರಂಗ ರೈಲು 1863ರ ಜನವರಿಯಲ್ಲಿ ಇದೇ ಪ್ಯಾಡಿಂಗ್ಟನ್ ಮತ್ತು ಫ್ಯಾರಿಂಗ್ಡನ್ ನಡುವೆ ಓಡಿತ್ತು. ನಾವು ಹತ್ತಿದ ಸರ್ಕಲ್ ಲೈನ್ ಬದಲಿಸುವ ಅಗತ್ಯವಿಲ್ಲದೆ ವೆಸ್ಟ್‌ಮಿನ್‌ಸ್ಟರ್‌ವರೆಗೆ ಒಯ್ಯಿತು. ನಿಲ್ದಾಣದಿಂದ ಹೊರಬಂದವರು ತಲೆ ಎತ್ತಿದರೆ ಕಾಣುವುದೇ 96 ಮೀಟರ್ ಎತ್ತರದ ಎಲಿಜಬೆತ್ ಗೋಪುರ. ಬಿಗ್ ಬೆನ್ ಎಂಬುದು ಅದರೊಳಗಿನ 13 ಟನ್ನಿಗೂ ಹೆಚ್ಚು ತೂಕದ ಗಂಟೆ. ದೊಡ್ಡ ದುರಸ್ತಿ ಮುಗಿದು 2022ರಿಂದ ಅದು ಮತ್ತೆ ಮೊದಲಿನಂತೆ ಬಾರಿಸುತ್ತಿದೆ. ಹಗಲಿನಲ್ಲಿ ಜನರ ನಡುವೆ ಜಾಗ ಹುಡುಕಬೇಕಾದ ಪಕ್ಕದ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಆ ಹೊತ್ತಿನಲ್ಲಿ ನಡೆಯುವವರು, ಓಡುವವರು ಕೆಲವರಷ್ಟೇ ಇದ್ದರು, ಗಂಟೆಯ ದನಿ ಸ್ಪಷ್ಟವಾಗಿ ಕೇಳಿಸಿತು.

ಪಾರ್ಲಿಮೆಂಟ್ ಚೌಕದಲ್ಲಿ ಗಾಂಧೀಜಿಯ ಕಂಚಿನ ಪ್ರತಿಮೆ ಇದೆ. ಫಿಲಿಪ್ ಜಾಕ್ಸನ್ ರೂಪಿಸಿದ, 2015ರ ಮಾರ್ಚ್‌ನಲ್ಲಿ ಅನಾವರಣಗೊಂಡ ಈ ಪ್ರತಿಮೆಗೆ ಆಧಾರ 1931ರಲ್ಲಿ ಗಾಂಧೀಜಿ ದುಂಡು ಮೇಜಿನ ಸಮ್ಮೇಳನಕ್ಕೆಂದು ಲಂಡನ್ನಿಗೆ ಬಂದಾಗ ತೆಗೆದ ಛಾಯಾಚಿತ್ರ. ಚಳಿಗೆ ಹೊದ್ದ ಶಾಲು ಅದರಲ್ಲಿ ಹಾಗೆಯೇ ಮೂಡಿದೆ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರೂ ದುಂಡು ಮೇಜಿನ ಸಮ್ಮೇಳನದಲ್ಲಿ ಭಾಗವಹಿಸಿದ್ದರೆಂಬುದನ್ನು ಅಲ್ಲಿ ನಿಂತು ನೆನೆದೆವು. ಗಾಂಧೀಜಿಯನ್ನು ಕಟುವಾಗಿ ಹೀಯಾಳಿಸಿದ್ದ ಚರ್ಚಿಲ್ ಅವರ ಪ್ರತಿಮೆಯೂ ಅದೇ ಚೌಕದಲ್ಲಿದೆ.

ಅಲ್ಲಿಂದ ನಮ್ಮ ಮುಖ್ಯ ಉದ್ದೇಶವಾದ ಬಸವಣ್ಣನವರ ಪ್ರತಿಮೆಯ ಕಡೆ ಹೊರಟೆವು. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಬಲಕ್ಕೆ ಇಳಿದರೆ ಸೇಂಟ್ ಥಾಮಸ್ ಆಸ್ಪತ್ರೆಯ ಹೊರಗೋಡೆಯುದ್ದಕ್ಕೂ ಕೋವಿಡ್ ಸ್ಮಾರಕವಿದೆ. ಸತ್ತ ಒಬ್ಬೊಬ್ಬರಿಗೂ ಕೈಯಿಂದ ಬರೆದ ಒಂದೊಂದು ಕೆಂಪು ಹೃದಯ, ಸುಮಾರು ಅರ್ಧ ಕಿ.ಮೀ. ಉದ್ದಕ್ಕೆ 2 ಲಕ್ಷಕ್ಕೂ ಹೆಚ್ಚು. ಆ ಕಾಯಿಲೆಗೆ ನಮ್ಮ ಮನೆಯವರನ್ನೂ ಕಳೆದುಕೊಂಡಿದ್ದ ನಾವು ಈ ಗೋಡೆಯನ್ನು ಬೇಗ ಬೇಗ ದಾಟಲಾರದೆ ಹೋದೆವು. ನದಿಯ ಆಚೆ ದಡದಲ್ಲಿ ಸಂಸತ್ ಭವನದ ಉದ್ದನೆಯ ಮುಖವೆಲ್ಲ ಕಾಣುವುದು ಈ ದಾರಿಯಿಂದಲೇ. ಮೊದಲು ದಾಟಿದ ಸೇತುವೆಗೆ ಹಸಿರು ಬಣ್ಣ, ಮುಂದೆ ಬರುವ ಲ್ಯಾಂಬೆತ್ ಸೇತುವೆಗೆ ಕೆಂಪು. ಕೆಳಮನೆಯ ಆಸನಗಳು ಹಸಿರು, ಮೇಲ್ಮನೆಯವು ಕೆಂಪು ಆಗಿರುವುದರಿಂದ ಸೇತುವೆಗಳಿಗೂ ಅವೇ ಬಣ್ಣಗಳು ಬಂದಿವೆ.

ಲ್ಯಾಂಬೆತ್ ಸೇತುವೆಯನ್ನು ದಾಟದೆ ಅದೇ ದಡದಲ್ಲಿ ಮುಂದೆ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ತೋಟದಲ್ಲಿ ಬಸವಣ್ಣನವರ ಪ್ರತಿಮೆ ಇದೆ. ಕಲಬುರಗಿ ಮೂಲದವರೂ ಲ್ಯಾಂಬೆತ್‌ನ ಮಾಜಿ ಮೇಯರ್ ಆಗಿದ್ದವರೂ ಆದ ನೀರಜ್ ಪಾಟೀಲ್ ಅವರ ಪ್ರಯತ್ನದಿಂದ ಸ್ಥಾಪನೆಯಾದ ಈ ಪ್ರತಿಮೆಯನ್ನು ಪ್ರಧಾನಿ ನರೇಂದ್ರ ಮೋದಿಯವರು 2015ರ ನವೆಂಬರ್ 14ರಂದು ಅನಾವರಣ ಮಾಡಿದರು. ಹನ್ನೆರಡನೆಯ ಶತಮಾನದಲ್ಲಿ, ಕುಲ ಕಸುಬುಗಳನ್ನು ಕೇಳದೆ ಹೆಂಗಸರನ್ನೂ ಗಂಡಸರನ್ನೂ ಒಂದೇ ಅನುಭವ ಮಂಟಪದಲ್ಲಿ ಕೂರಿಸಿ ಮಾತಾಡಿಸಿದವರ ಪ್ರತಿಮೆಗೆ ಈ ಸಂಸತ್ತಿನ ಬಳಿಯ ನದೀ ದಂಡೆಗಿಂತ ತಕ್ಕ ಜಾಗ ಲಂಡನ್ನಿನಲ್ಲಿ ಇನ್ನೊಂದಿಲ್ಲವೆಂದು ನನಗೆ ತೋರುತ್ತದೆ. ಪ್ರವಾಸಿ ಬಸ್ಸುಗಳು ಇಲ್ಲಿ ನಿಲ್ಲುವುದಿಲ್ಲ, ನಡೆದೇ ಬರಬೇಕು. ಕನ್ನಡಿಗರು ಮೊದಲ ದಿನವೇ ಬರಲಿ ಎಂಬುದು ನನ್ನ ಮನಃಪೂರ್ವಕ ಕೋರಿಕೆ.

ಹತ್ತರ ಹೊತ್ತಿಗೆ, ಅಂದರೆ ನಮ್ಮ ಮಧ್ಯಾಹ್ನದ ಎರಡೂವರೆಗೆ, ಕಾಲು ಸೋತಿತ್ತು. ಒಳಗೆ ಕುಳಿತು ನೋಡುವ ಸ್ಥಳಕ್ಕೆ ಹೋಗಬೇಕಾದ ಹೊತ್ತು ಅದು. ವಾಕ್ಸ್‌ಹಾಲ್‌ನಿಂದ ವಿಕ್ಟೋರಿಯಾಕ್ಕೆ ಹೋಗಿ, ರೈಲು ಬದಲಿಸಿ ಸೌತ್ ಕೆನ್ಸಿಂಗ್ಟನ್ ತಲುಪಿ, ಅಲ್ಲಿನ ಕಾಲುದಾರಿಯ ಸುರಂಗದ ಮೂಲಕ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋದೆವು. ಪ್ರವೇಶ ಉಚಿತ. ಮೈಸೂರಿನಿಂದ 15 ಕಿ.ಮೀ. ದೂರದ ಶ್ರೀರಂಗಪಟ್ಟಣದಿಂದ 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೆಯಾಗಿ ಬಂದ ಮರದ ಹುಲಿ ಇಲ್ಲಿದೆ. ಬಿಳಿಯ ಸೈನಿಕನೊಬ್ಬನ ಮೇಲೆ ಬಿದ್ದಿರುವ ಆ ಹುಲಿಯ ಒಡಲೊಳಗೆ ಒಂದು ವಾದ್ಯವಿದೆ. ಹಿಡಿ ತಿರುಗಿಸಿದರೆ ಸೈನಿಕನ ಕೈ ಏಳುತ್ತದೆ, ನರಳುವ ದನಿ ಹೊರಡುತ್ತದೆ. ಈಗ ಗಾಜಿನೊಳಗಿರುವುದರಿಂದ ಅದನ್ನು ಯಾರೂ ತಿರುಗಿಸುವಂತಿಲ್ಲ. ದರಿಯಾ ದೌಲತ್ತಿನ ಗೋಡೆಚಿತ್ರಗಳನ್ನು ಬಾಲ್ಯದಿಂದ ನೋಡಿದ ನಮಗೆ, ಅದೇ ಊರಿನ ವಸ್ತುವನ್ನು ಇಷ್ಟು ದೂರ ಬಂದು ನೋಡುವಾಗ ಸಂತೋಷಕ್ಕಿಂತ ಹೆಚ್ಚಾಗಿ ನೋವೇ ಆಯಿತು. ಅದು ಶ್ರೀರಂಗಪಟ್ಟಣದಲ್ಲಿರಬೇಕಾದ ವಸ್ತು.

ಊಟದ ನಂತರ ತೂಕಡಿಕೆ ಬರುವ ಹೊತ್ತಿಗೆ 14ನೇ ಸಂಖ್ಯೆಯ ಡಬಲ್ ಡೆಕರ್ ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟು ಹಿಡಿದು, ನೈಟ್ಸ್‌ಬ್ರಿಜ್, ಹೈಡ್ ಪಾರ್ಕ್ ಕಾರ್ನರ್ ಮಾರ್ಗವಾಗಿ ಪಿಕಡಿಲ್ಲಿ ಸರ್ಕಸ್‌ವರೆಗೆ ಕುಳಿತೇ ನಗರ ನೋಡಿದೆವು. ಈ ಬಸ್ಸುಗಳಲ್ಲಿ ನಗದು ನಡೆಯುವುದಿಲ್ಲ, ಅದೇ ಕಾರ್ಡ್ ಸಾಕು. ಪಿಕಡಿಲ್ಲಿಯಿಂದ ಬೇಕರ್‌ಲೂ ಲೈನ್ ಪ್ಯಾಡಿಂಗ್ಟನ್‌ಗೆ ನೇರವಾಗಿ ಹೋಗುತ್ತದೆ. ಸಂಜೆ ಐದಕ್ಕೆಲ್ಲ ಕೊಠಡಿಗೆ ಮರಳಿ ಕಾಲಿಗೆ ವಿಶ್ರಾಂತಿ ಕೊಟ್ಟೆವು. ಮುಂಗಡ ಟಿಕೆಟು, ನಿಗದಿತ ಸಮಯ, ಬಹಳ ಮೆಟ್ಟಿಲುಗಳು ಇರುವ ಲಂಡನ್ ಟವರ್ ಮತ್ತು ಸೇಂಟ್ ಪಾಲ್ಸ್ ಇಗರ್ಜಿಯನ್ನು ಮುಂದಿನ ದಿನಗಳಿಗೇ ಇಟ್ಟುಕೊಂಡಿದ್ದೆವು.