ಮಗುವಿಗೆ ಅಮ್ಮ ಆಗಿದೆಯಾ? ಅಂಗಿ ಬಿಚ್ಚಿಸಿ ಬೆನ್ನು ನೋಡಿ

ಶಿವರಾತ್ರಿ ಕಳೆದು ಬಿಸಿಲು ಏರುವಾಗ ನಮ್ಮ ಮಂಡ್ಯದ ಕಡೆ ಯಾವುದಾದರೂ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದು ಕಂಡರೆ, ಒಳಗೆ ಯಾರಿಗೋ ಅಮ್ಮ ಆಗಿದೆ ಅಂತ ಬೀದಿಗೆಲ್ಲ ಗೊತ್ತಾಗುತ್ತದೆ. ಆದರೆ ಈ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಆ ಸೊಪ್ಪಿಗಿಂತ ಮುಂದಿರುತ್ತದೆ. ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಅದು ಇನ್ನೊಬ್ಬರಿಗೆ ಅಂಟಬಲ್ಲದು.

ಮೊದಲು ದಿನ ಎಣಿಸಿ. ವೈರಸ್ ಮೈ ಸೇರಿದ 10ರಿಂದ 21 ದಿನದೊಳಗೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಎರಡು ಮೂರು ವಾರದ ಹಿಂದೆ ಮಗುವಿನ ತರಗತಿಯಲ್ಲಿ, ಇಲ್ಲವೇ ಹೋಗಿ ಬಂದ ಮದುವೆ ಮನೆಯಲ್ಲಿ ಯಾರಿಗಾದರೂ ಆಗಿತ್ತಾ ಅಂತ ಕೇಳಿ.

ಆಮೇಲೆ ಮಗುವಿನ ಮೈ ನೋಡಿ. ನಮ್ಮಕ್ಕನ ಮಗ ಒಂದು ಸಂಜೆ ಆಟ ಬಿಟ್ಟು ಮಲಗಿದ್ದ, ಮುದ್ದೆ ಬೇಡ ಅಂದ, ಮೈ ಸ್ವಲ್ಪ ಬಿಸಿಯಿತ್ತು. ಬೆಳಗ್ಗೆ ಹೊಟ್ಟೆ ಮೇಲೆ ನಾಲ್ಕು ಕೆಂಪು ಚುಕ್ಕೆ. ಸೊಳ್ಳೆ ಕಚ್ಚಿರಬೇಕು ಅಂದುಕೊಂಡು ಶಾಲೆಗೆ ಕಳಿಸಿಬಿಟ್ಟೆವು. ಸೊಳ್ಳೆ ಜಾಸ್ತಿ ಕಚ್ಚುವುದು ತೆರೆದಿರುವ ಕೈಕಾಲಿಗೆ ಅಲ್ವಾ? ಚಿಕನ್‌ಪಾಕ್ಸ್ ಸಾಮಾನ್ಯವಾಗಿ ಎದೆ, ಬೆನ್ನು, ಮುಖದಲ್ಲಿ ಶುರುವಾಗುತ್ತದೆ. ಅದಕ್ಕೇ ಅಂಗಿ ಬಿಚ್ಚಿಸಿ, ಬೆಳಕಲ್ಲಿ ನಿಲ್ಲಿಸಿ ನೋಡಿ. ಕೂದಲು ಬಿಡಿಸಿ ನೆತ್ತಿಯನ್ನೂ, ಬಾಯಿ ಒಳಗೂ ನೋಡಿ.

ಚುಕ್ಕೆ ಉಬ್ಬುತ್ತದೆ, ನೀರು ತುಂಬಿದ ಗುಳ್ಳೆಯಾಗುತ್ತದೆ, ಒಣಗಿ ಹಕ್ಕಳೆ ಕಟ್ಟುತ್ತದೆ. ಜೊತೆಗೆ ತಡೆಯಲಾಗದ ನವೆ. ಮೂರ್ನಾಲ್ಕು ದಿನ ಹೊಸದು ಏಳುತ್ತಲೇ ಇರುವುದರಿಂದ ಒಂದೇ ಬೆನ್ನಿನ ಮೇಲೆ ಚುಕ್ಕೆ, ನೀರುಗುಳ್ಳೆ, ಹಕ್ಕಳೆ ಮೂರೂ ಒಟ್ಟಿಗೆ ಸಿಗುತ್ತವೆ. ಇದೇ ದೊಡ್ಡ ಗುರುತು. ಅಜ್ಜಿಯರು ಹೆದರುವ ಹಳೇ ಸಿಡುಬಿನಲ್ಲಿ ಒಂದು ಜಾಗದ ಗುಳ್ಳೆಗಳೆಲ್ಲ ಒಂದೇ ಹದದಲ್ಲಿರುತ್ತಿದ್ದವು. ಆ ಸಿಡುಬು 1975ರ ನಂತರ ನಮ್ಮ ದೇಶದಲ್ಲಿ ಕಂಡಿಲ್ಲ.

ಬೇವಿನ ಸೊಪ್ಪು ಇರಲಿ, ಒಗ್ಗರಣೆ ಹಾಕದ ಅಡುಗೆಯೂ ಇರಲಿ, ನಾನು ಜಗಳ ಆಡುವುದಿಲ್ಲ. ಸ್ನಾನ ಮಾತ್ರ ನಿಲ್ಲಿಸಬೇಡಿ. ಉಗುರುಬೆಚ್ಚಗಿನ ನೀರು ನವೆಗೆ ಹಿತ. ಉಗುರು ಕತ್ತರಿಸಿ. ಜ್ವರಕ್ಕೆ ಡಾಕ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು, ಮಕ್ಕಳಿಗೆ ಆಸ್ಪಿರಿನ್ ಕೊಡಲೇಬೇಡಿ, ಮಿದುಳು ಮತ್ತು ಲಿವರ್‌ಗೆ ಅಪಾಯ.

ಉಸಿರಾಟ ಕಷ್ಟವಾದರೆ, ಮಂಪರು ಕವಿದರೆ, ವಾಂತಿ ನಿಲ್ಲದಿದ್ದರೆ, ಗುಳ್ಳೆ ಸುತ್ತ ಕೆಂಪಗೆ ಊದಿ ಕೀವಾದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ದೊಡ್ಡವರಿಗೆ ಬಂದರೆ ಜೋರಾಗಿಯೇ ಬರುತ್ತದೆ, ನ್ಯುಮೋನಿಯಾ ಆಗಬಹುದು. ಅವರಿಗೆ ಕೊಡುವ, ವೈರಸ್ ತಡೆಯುವ ಮಾತ್ರೆ ಗುಳ್ಳೆ ಎದ್ದ 24 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಉಪಯೋಗ, ಹಾಗಾಗಿ ಮೊದಲ ದಿನವೇ ತೋರಿಸಿ.

ಗುಳ್ಳೆಗಳೆಲ್ಲ ಒಣಗಿ ಹಕ್ಕಳೆಯಾಗುವವರೆಗೆ ಶಾಲೆ ಬೇಡ. ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಮಕ್ಕಳಷ್ಟೇ ಅಲ್ಲ, ಗರ್ಭಿಣಿಯರೂ ಬರುತ್ತಾರೆ. ಅವರಿಗೂ ಹೊಟ್ಟೆಯಲ್ಲಿರುವ ಮಗುವಿಗೂ ಇದು ಅಪಾಯ. ಅಂಥ ಕಡೆ ಹೋದಾಗ ಸಾಲಿನಲ್ಲಿ ಕೂರುವ ಮೊದಲೇ ‘ಮಗುವಿಗೆ ಅಮ್ಮ ಆಗಿರಬಹುದು’ ಅಂತ ಬಾಗಿಲಲ್ಲೇ ಹೇಳಿ.